ವಾಣಿಶ್ರೀಯ ಎಡಗಾಲು

ವಾಣಿಶ್ರೀ ಹುಟ್ಟುವಾಗ ಮೊದಲು ಹೊರಗೆ ಬಂದದ್ದು ಎಡಗಾಲು. ಅದನ್ನು ಮೊದಲು ಕಂಡವಳು ನಾನು. ಹೆತ್ತವಳು ನನ್ನ ತಂಗಿ. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯ ಮನೆಯಲ್ಲಿ, ಮಗ್ಗದ ಪಕ್ಕದ ಕೋಣೆಯಲ್ಲಿ, ಮಧ್ಯಾಹ್ನದ ಹೊತ್ತು ಹೆರಿಗೆ ಆಯಿತು. ಕಾಲು ಬಂದು ನಿಂತುಬಿಟ್ಟಿತು. ಸೂಲಗಿತ್ತಿ ಕೈಗೆ ಎಣ್ಣೆ ಹಚ್ಚಿಕೊಂಡು ಎಳೆದಳು. ತಂಗಿ ಹರಿದುಹೋದಳು. ಚಾಪೆ, ಗೋಡೆಯ ಬುಡ, ನನ್ನ ಸೀರೆಯ ಮಡಿಲು ಎಲ್ಲ ರಕ್ತ. ಕೂಸು ಬಂದ ಮೇಲೆ ಅಳಲಿಲ್ಲ, ಸೂಲಗಿತ್ತಿಯ ಮುಂಗೈಗೆ ಒದೆಯಿತು. "ಅಯ್ಯೋ ಇವ್ಳ, ಬತ್ತಾ ಬತ್ತಾನೇ ಒದೀತಾಳಲ್ಲ!" ಎಂದು ಅವಳು ನಕ್ಕಳು. ತಂಗಿ ಬದುಕಿಕೊಂಡಳು, ಆದರೆ ಹನ್ನೊಂದು ವರ್ಷ ಮಾತ್ರ. ಆಮೇಲೆ ಹುಡುಗಿಯನ್ನು ನಾನೇ ಸಾಕಿದೆ. ನನ್ನನ್ನು ದೊಡ್ಡವ್ವ ಎನ್ನುತ್ತಾಳೆ.

ಕಾಲು ಮುಂದಾಗಿ ಹುಟ್ಟಿದವರ ಕಾಲಲ್ಲಿ ಉಳುಕು ತೆಗೆಯುವ ಗುಣ ಇರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಸೊಂಟ ಹಿಡಿದವರು ಬೋರಲು ಮಲಗಬೇಕು. ಹಾಗೆ ಹುಟ್ಟಿದವರು ಬಂದು ನೋವಿರುವ ಜಾಗಕ್ಕೆ ಮೂರು ಸಲ ಒದೆಯಬೇಕು. ಮೂರೇ. ಎರಡಕ್ಕೆ ನಿಲ್ಲಿಸಬಾರದು, ನಾಲ್ಕಕ್ಕೆ ಹೋಗಬಾರದು. ಭಾನುವಾರ ಇಲ್ಲವೇ ಮಂಗಳವಾರ ಬೆಳಿಗ್ಗೆ.

ಹುಡುಗಿಗೆ ಐದು ವರ್ಷವಿದ್ದಾಗ ಮೊದಲು ಬಂದು ಮಲಗಿದವನು ಎದುರು ಮನೆಯ ಕೆಂಪನಂಜಪ್ಪ. ಹೊಕ್ಕಿನ ನೂಲಿನ ಮೂಟೆ ಎತ್ತುವಾಗ ಸೊಂಟ ಹಿಡಿದಿತ್ತು. ನಮ್ಮ ಜಗಲಿಯ ಮೇಲೆ ಬೋರಲು ಬಿದ್ದು, "ಒದಿಯವ್ವ ಕಂದ, ಎದರ್ಕಬ್ಯಾಡ" ಎಂದ. ಇವಳು ಹೆದರಲಿಲ್ಲ. ಮೂರನೆಯ ಒದೆಗೆ ಅವನ ಬಾಯಲ್ಲಿದ್ದ ಎಲೆ ಅಡಿಕೆ ಬೀದಿಗೆ ಹಾರಿತು. ಅವನು ಎದ್ದು ನಿಂತ. ಅಲ್ಲಿಂದ ಮುಂದೆ ವಾರವಾರವೂ ಯಾರಾದರೊಬ್ಬರು ಬಂದು ನಮ್ಮ ಜಗಲಿಯ ಮೇಲೆ ಮಲಗುತ್ತಿದ್ದರು. ಹಿರಿಯರಿಗೆ ಒದ್ದು ಬೈಸಿಕೊಳ್ಳದ ಹುಡುಗಿ ಬೀದಿಯಲ್ಲಿ ಇವಳೊಬ್ಬಳೇ. ಆ ರೂಢಿ ಅವಳ ಕಾಲಿಗೆ ಹತ್ತಿಬಿಟ್ಟಿತು. ಶಾಲೆಯಲ್ಲಿ ಜಡೆ ಎಳೆದವನಿಗೆ ಒದ್ದಳು. ಬಸ್ಸಿನಲ್ಲಿ ಮೈಗೆ ಮೈ ತಾಗಿಸಿದವನಿಗೆ ಒದ್ದಳು. ಅವನು ಮೆಟ್ಟಿಲಿನಿಂದ ಉರುಳಿ ಮೊಣಕೈ ಮುರಿದುಕೊಂಡ.

ಇಪ್ಪತ್ತೆರಡಕ್ಕೆ ಮದುವೆಯಾಯಿತು. ಗಂಡ ಮೋಹನ್, ನಮ್ಮವನೇ, ಒಳ್ಳೆಯ ನೇಕಾರ, ನಮ್ಮ ಮನೆಗೇ ಬಂದು ಉಳಿದ. ಕೈಯೂ ಮುಂದು. ಮೊದಲ ವರ್ಷ ಮೂರು ಸಲ ಹೊಡೆದ. ನಾಲ್ಕನೆಯ ಸಲ ಅವನು ಗುಂಡಿ ಮಗ್ಗದ ಅಂಚಿನಲ್ಲಿ ನಿಂತು ಕೈ ಎತ್ತಿದ್ದ. ಇವಳು ಹೊಟ್ಟೆಗೆ ಒದ್ದಳು. ಕಾಲಿಟ್ಟು ನೇಯುವ ಆ ಗುಂಡಿಯೊಳಗೆ ಅವನು ಮುದುರಿ ಬಿದ್ದ. ತುಳಿಯುವ ಹಲಗೆ ಎರಡು ತುಂಡಾಯಿತು, ಅವನ ಹಣೆ ಒಡೆಯಿತು. ನಾನು ಅರಿಸಿನ ತರಲು ಓಡಿದೆ. ಬರುವಷ್ಟರಲ್ಲಿ ಇವಳು ಗುಂಡಿಯ ಅಂಚಿನಲ್ಲಿ ಕೂತು ಕೇಳುತ್ತಿದ್ದಳು, "ಇನ್ನೆರಡು ಬೇಕಾ? ಲೆಕ್ಕಕ್ಕೆ ಮೂರು ಕಣ್ರಿ." ಅವನು ಗುಂಡಿಯೊಳಗಿನಿಂದಲೇ ಕೈ ಮುಗಿದ. ಆಮೇಲೆ ಅವಳ ಮೇಲೆ ಅವನು ಕೈ ಎತ್ತಿದ್ದು ನಾನು ಒಂದೇ ಸಲ ಕಂಡೆ. ಅದನ್ನು ಮುಂದೆ ಹೇಳುತ್ತೇನೆ.

ಅದೇ ಮಗ್ಗದಲ್ಲಿ ಅವಳು ಹದಿಮೂರು ವರ್ಷ ನೇಯ್ದಳು. ಗುಂಡಿ ಮಗ್ಗದಲ್ಲಿ ಕೂರುವುದೆಂದರೆ ಕುಂಡಿಯ ಮೂಳೆಯ ಮೇಲೆ ಇಡೀ ದಿನದ ಭಾರ. ತೊಡೆಯ ಹಿಂಭಾಗದ ನರ ಗಟ್ಟಿ ಇದ್ದರೆ ಮಾತ್ರ ಹಲಗೆ ತುಳಿಯಬಹುದು. ಅವಳ ಎಡಗಾಲು ತುಳಿದ ಸೀರೆಯಲ್ಲಿ ಹೊಕ್ಕಿನ ಅಡ್ಡ ಎಳೆ ಒತ್ತಾಗಿ ಕೂರುತ್ತಿತ್ತು. ಅಂಗಡಿಯವರು ಬೆರಳಲ್ಲಿ ಸವರಿ ಇದು ವಾಣಿಶ್ರೀದು ಎನ್ನುತ್ತಿದ್ದರು.

ಈಜು ಕಲಿತದ್ದು ಕಾವೇರಿ ಹೊಳೆಯಲ್ಲಿ. ಮೂರು ವರ್ಷದ ಹಿಂದೆ ಹನೂರು ಕಡೆಯ ಒಂದು ಜಲಾಶಯದಲ್ಲಿ ಮಾದೇಶ ಎಂಬವನು ಬೋಟಿನ ಆಟ ಶುರುಮಾಡಿದ. ಮಾಂಬಳ್ಳಿಯ ಜಮೀನುದಾರರ ಮನೆಯವನು. ಬರುವ ಹೆಂಗಸರ ಜೊತೆ ನೀರಿಗಿಳಿಯಲು ಈಜು ಬಲ್ಲ ಹೆಂಗಸು ಬೇಕಿತ್ತು. ಭಾನುವಾರಗಳಂದು ಇವಳು ಹೋಗತೊಡಗಿದಳು. ಆರು ತಿಂಗಳಲ್ಲಿ ಅಲ್ಲಿನ ಆಟಗಳನ್ನೆಲ್ಲ ಕಲಿತಳು. ಅದರಲ್ಲಿ ಒಂದು ಸ್ಕೀ. ಕಾಲಿಗೆ ಎರಡು ಉದ್ದನೆಯ ಹಲಗೆ ಸಿಕ್ಕಿಸಿಕೊಂಡು, ಬೋಟಿಗೆ ಕಟ್ಟಿದ ಹಗ್ಗ ಹಿಡಿದು, ನೀರಿನ ಮೇಲೆ ನಿಂತು ಜಾರುವುದು.

ಒಂದು ಭಾನುವಾರ ನಾನು, ಮೋಹನ್ ಊಟದ ಡಬ್ಬಿ ತಕ್ಕೊಂಡು ಹೋಗಿದ್ದೆವು. ದಡದ ಮೇಲೆ ಜನ. ವಾಣಿಶ್ರೀ ಸೊಂಟದ ತನಕ ಪ್ಯಾಂಟು, ಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೀಟು ಹಾಕಿಕೊಂಡು ನೀರಿನಲ್ಲಿದ್ದಳು. ಈ ಆಟದ ಕ್ರಮ ಅವಳೇ ನನಗೆ ಹೇಳಿದ್ದಳು: ಮೊಣಕಾಲು ಎದೆಗೆ ತಂದು ಮುದುರಿ ಕೂರಬೇಕು, ಬೋಟು ತಾನಾಗಿ ಎತ್ತುವ ತನಕ ಕಾಲು ನೀಡಬಾರದು. ಅವಳು ಕೈ ಎತ್ತಿದ ಮೇಲೆಯೇ ಬೋಟು ಹೊರಡಬೇಕು.

ಬೋಟು ನಡೆಸುತ್ತಿದ್ದವನು ಮಾದೇಶನೇ. ದಡದ ಜನರಿಗೆ ಕೇಳಲಿ ಎಂದು ಕೂಗಿದ: "ನೋಡ್ರಪ್ಪಾ, ಈಯಮ್ಮ ಗಂಡುನ್ನೇ ಮಗ್ಗುದ್ ಗುಂಡೀಗೆ ಒದ್ದಾಕಿದೋಳು! ಎಲ್ಲಿ, ಇವತ್ತು ನೀರ್ಗೂ ಒಂದ್ ಒದಿಯವ್ವ!"

ಜನ ಹೋ ಎಂದರು. ಪಕ್ಕದಲ್ಲಿ ಮೋಹನ್ ತಲೆ ತಗ್ಗಿಸಿದ. ಅವನು ತಲೆ ತಗ್ಗಿಸಿದ್ದನ್ನು ಅವಳು ಕಂಡಳು. "ಮುಚ್ಲಾ ಬಾಯಿ!" ಎಂದು ಬೋಟಿನ ಕಡೆಗೆ ಎರಡೂ ಕಾಲು ಝಾಡಿಸಿ ಒದ್ದಳು. ಕೈ ಎತ್ತಿರಲಿಲ್ಲ. ಅವನೂ ಕಾಯಲಿಲ್ಲ, ಅದೇ ಗಳಿಗೆಯಲ್ಲಿ ಬೋಟು ಹಾರಿಸಿದ.

ಎರಡು ಕಾಲೂ ನೆಟ್ಟಗೆ ನೀಡಿದ್ದವು. ಹಗ್ಗ ಮೇಲುಮೈಯನ್ನು ಮುಂದಕ್ಕೆ ಕಿತ್ತುಕೊಂಡು ಹೋಯಿತು. ಎಡಗಾಲಿನ ಹಲಗೆಯ ಮೂತಿ ನೀರಿಗೆ ಹೊಕ್ಕು ಸಿಕ್ಕಿಕೊಂಡಿತು. ಅವಳು ಮಡಿಸಿದ ಸೀರೆಯ ಹಾಗೆ ಎರಡಾದಳು, ಹಣೆ ಮೊಣಕಾಲಿಗೆ ತಾಗಿತು. ಆಗ ಒಂದು ಶಬ್ದ ಬಂತು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಕಟ್ಟನ್ನು ಕುಡುಗೋಲಿನಲ್ಲಿ ಒಂದೇ ಏಟಿಗೆ ಕಡಿದರೆ ಬರುವಂಥದು. ಬೋಟಿನ ಸದ್ದಿನಲ್ಲೂ ಅದು ದಡಕ್ಕೆ ಕೇಳಿಸಿತು. ಅವಳು ಕಿರುಚಲಿಲ್ಲ. ನೀರಿನೊಳಕ್ಕೆ ಹೋದವಳನ್ನು ಜಾಕೀಟು ಮೇಲೆ ತಂದಿತು, ಮುಖ ಮಾತ್ರ ಮತ್ತೆ ಮತ್ತೆ ಮುಳುಗಿತು. ಈಜು ಬಾರದ ಮೋಹನ್ ಬಟ್ಟೆ ಸಮೇತ ನೀರಿಗೆ ಹಾರಿದ. ಅವಳೇ ಅವನ ಅಂಗಿಯ ಕಾಲರು ಹಿಡಿದು, ಒಂದೇ ಕಾಲಲ್ಲಿ ಒದೆಯುತ್ತ, ಇಬ್ಬರನ್ನೂ ದಡಕ್ಕೆ ತಂದಳು.

ಕೂರಿಸಲು ಹೋದೆವು. ಕೂರಲಾಗಲಿಲ್ಲ. "ಕುಂಡೀಲಿ ಯಾರೋ ಮಚ್ಚು ಇಕ್ಕಿದಂಗದ ದೊಡ್ಡವ್ವ" ಎಂದಳು.

ಸೋಮವಾರ ಕೊಳ್ಳೇಗಾಲದ ದೊಡ್ಡಾಸ್ಪತ್ರೆಗೆ ಹೋದೆವು. ಎಕ್ಸರೇ ತೆಗೆದರು. ಡಾಕ್ಟರು ಹೇಳಿದ್ದು ನಾಲ್ಕು ಮಾತು, ನನಗೆ ಚೆನ್ನಾಗಿ ನೆನಪಿದೆ. ಮೂಳೆ ಮುರಿದಿಲ್ಲ. ತೊಡೆಯ ಹಿಂಭಾಗದ ಸ್ನಾಯು ಹರಿದಿರಬಹುದು, ಹ್ಯಾಮ್‌ಸ್ಟ್ರಿಂಗ್ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿ, ತಡ ಮಾಡಬೇಡಿ. ಅಲ್ಲಿಯ ತನಕ ಐಸು ಇಡಿ, ತಿಕ್ಕಬೇಡಿ, ಎಳೆಯಬೇಡಿ, ತುಳಿಸಬೇಡಿ.

ನಾನು ಮನಸ್ಸಿಗೆ ಹಾಕಿಕೊಂಡದ್ದು ಮೊದಲನೆಯದನ್ನು ಮಾತ್ರ. ಮೂಳೆ ಮುರಿದಿಲ್ಲ ಎಂದರೆ ಉಳುಕು. ಉಳುಕೆಂದರೆ ಒದೆ. ಆದರೆ ಬೀದಿಗೆಲ್ಲ ಒದೆಯುವವಳೇ ಮಲಗಿದ್ದಾಳೆ, ಅವಳಿಗೆ ಒದೆಯುವವರು ಯಾರು? ಸಂಜೆ ಮಾದೇಶ ಹಣ್ಣು ತಕ್ಕೊಂಡು ನೋಡಲು ಬಂದ, ಮುಖ ಸಣ್ಣದಾಗಿತ್ತು. ಅವನೇ ಹೇಳಿದ: "ನಮ್ ದೊಡ್ಡಪ್ಪ ಪುಟ್ಟಮಾದಪ್ಪ ಅವ್ರೆ ಕಣಮ್ಮ, ಮಾಂಬಳ್ಳೀಲಿ. ಅವ್ರೂ ಕಾಲ್ ಮುಂದಾಗೇ ಉಟ್ಟಿರೋರು. ನಾಳ ಮಂಗಳವಾರ."

ವಾಣಿಶ್ರೀ ಬೇಡವೆಂದಳು. "ಒದೆ ಇಸ್ಯ ನಂಗೊತ್ತಿಲ್ವ ದೊಡ್ಡವ್ವ? ನಾ ಒದ್ದೋರ್ಯಾರೂ ವಾಸಿಯಾಗಿ ಎದ್ದಿಲ್ಲ. ನಾಕನೇದೂ ಬಿದ್ಬುಡ್ತದ ಅಂತ ಎದರ್ಕಂಡು ಎದ್ದೋದ್ರು ಅಷ್ಟೇ."

"ಅಂಗನ್ಬ್ಯಾಡ, ನಿನ್ ಕಾಲ್ಗೇ ನೀ ಮೋಸ ಮಾಡ್ತೀಯ" ಎಂದು ನಾನು ಗದರಿದೆ. ಬೆಳಗಿನ ತನಕ ಹಟ ಹಿಡಿದಿದ್ದರೆ ಅವಳೇ ಗೆಲ್ಲುತ್ತಿದ್ದಳು. ನೋವಿನಲ್ಲಿ ಅಷ್ಟು ಶಕ್ತಿ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವಳ ತೊಡೆ ಕುಂಡಿಯಿಂದ ಮೊಣಕಾಲ ಸಂದಿಯ ತನಕ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಕಂಡೂ ನಾನು ಮಾಂಬಳ್ಳಿಗೆ ಹೊರಡಿಸಿದೆ.

ಪುಟ್ಟಮಾದಪ್ಪನಿಗೆ ಎಪ್ಪತ್ತು ವರ್ಷ, ಆನೆಯಂಥ ಆಳು, ಹಿಮ್ಮಡಿ ಬಿರಿದು ಕಲ್ಲಾಗಿತ್ತು. ಹಣೆಗೆ ವಿಭೂತಿ ಧರಿಸಿ, ಕಾಲು ತೊಳೆದು ಬಂದರು. ಅಂಗಳದಲ್ಲಿ ಚಾಪೆ ಹಾಸಿ ಅವಳನ್ನು ಬೋರಲು ಮಲಗಿಸಿದರು. ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ನಾನು ಭುಜ ಹಿಡಿದೆ. ಮೋಹನನಿಗೆ ಎಡಗಾಲಿನ ಹರಡು ಹಿಡಿದು ಎಳೆಯಲು ಹೇಳಿದರು. ಅವನು ಮೆಲ್ಲಗೆ ಎಳೆದ. "ನೆಟ್ಗೆ ಎಳೀಲಾ! ನರ ನೀಟಾಗ್ಬೇಕು" ಎಂದರು ಪುಟ್ಟಮಾದಪ್ಪ. ಆಮೇಲೆ ಅವಳಿಗೆ ಮೆತ್ತಗೆ, "ಬೆಟ್ಟದ್ ಮಾದಪ್ಪನ್ನ ನೆನ್ಕೊ ಮಗ."

ಮೊದಲ ಒದೆ ಕುಂಡಿಯ ಕೆಳಗೆ, ಸರಿಯಾಗಿ ಕಪ್ಪಾದ ಜಾಗಕ್ಕೆ ಬಿತ್ತು. ಅವಳ ಬಾಯಿಂದ ಬಂದದ್ದು ಹೆಂಗಸಿನ ಕೂಗಲ್ಲ, ಕುಯ್ಯುವ ಕುರಿಯದು. ಚಾಪೆಯನ್ನು ಕಚ್ಚಿದಳು, ಹುಲ್ಲು ಹಲ್ಲಿಗೆ ಸಿಕ್ಕಿ ಕಿತ್ತು ಬಂತು. ಎರಡನೆಯ ಒದೆಗೆ ವಾಂತಿ ಮಾಡಿದಳು, ನನ್ನ ಕೈಮೇಲೆಯೇ. "ಇನ್ನೊಂದೇ ಕಣಮ್ಮಿ, ತಡ್ಕೊ" ಎಂದೆ ನಾನು. ಹೌದು, ನಾನೇ ಹಾಗೆಂದೆ.

ಮೂರನೆಯ ಒದೆ ಅವಳದಾಯಿತು. ಎಲ್ಲಿತ್ತೋ ಆ ಬಲ, ನನ್ನನ್ನು ಕೊಡವಿ ಹೊರಳಿದಳು. ಬಲಗಾಲು ಮೇಲೆದ್ದು, ಜಾಗ ನೋಡಲು ಬಗ್ಗಿದ್ದ ಪುಟ್ಟಮಾದಪ್ಪನ ಗಲ್ಲಕ್ಕೆ ಬಡಿಯಿತು. ಆನೆ ಉರುಳಿ ಒಗೆಯುವ ಕಲ್ಲಿನ ಮೇಲೆ ಮುಖ ಕೊಟ್ಟು ಬಿತ್ತು. ರಕ್ತ ಸೋರಿತು. ಮಾದೇಶ ಓಡಿ ಬಂದು, "ಏನಮ್ಮಿ, ಇರೀರ್ಗೆ ಒದ್ದೀಯಾ!" ಎಂದು ಅವಳ ಕೆನ್ನೆಗೆ ಬಾರಿಸಿದ. ಅವನ ಕೈ ಇಳಿಯುವ ಮೊದಲೇ ಮೋಹನ್ ಅವನ ಮೇಲೆ ಬಿದ್ದ. "ಅವ್ಳು ಕೈ ಎತ್ತದೆ ಬೋಟ್ ಓಡ್ಸಿದ್ದು ನೀನ್ ಕಣ್ಲಾ! ನೀನೇ!" ಎನ್ನುತ್ತ ತಲೆಯನ್ನು ಹಿಡಿದು ಕಲ್ಲಿನ ಅಂಚಿಗೆ ಜಪ್ಪಿದ. ಹುಬ್ಬು ಹರಿದು ಕಣ್ಣು ತುಂಬ ರಕ್ತ. ಮನೆಯ ಹೆಂಗಸರು ಪೊರಕೆ, ಒನಕೆ ತಕ್ಕೊಂಡು ಬಂದರು. ಒನಕೆ ಮೋಹನನ ಬೆನ್ನಿಗೆ ಬಿತ್ತು, ಪೊರಕೆ ನನ್ನ ತಲೆಗೆ. ನಾನೂ ಯಾರದೋ ಜಡೆ ಹಿಡಿದಿದ್ದೆ.

ನಿಲ್ಲಿಸಿದವರು ಪುಟ್ಟಮಾದಪ್ಪ. ಎದ್ದು ಕೂತು, ಅಂಗೈಗೆ ಒಂದು ಹಲ್ಲು ಉಗಿದು, ಅದನ್ನು ನೋಡಿದರು. "ಬುಡ್ರಲಾ ಸಾಕು" ಎಂದರು. "ಒದೆ ಅಂದ್ರೆ ಇದು ಕನ. ನಂದೇನ್ ಒದೆ."

ಆಗ ವಾಣಿಶ್ರೀಯ ದನಿ ಕೇಳಿಸಿತು. "ದೊಡ್ಡವ್ವ, ಕಾಲ್ಬೆಳ್ಳು ಗೊತ್ತಾಯ್ತಿಲ್ಲ."

ನಾನು ಕಿರುಬೆರಳನ್ನು ಚಿವುಟಿದೆ. ಅವಳು ನನ್ನ ಮುಖ ನೋಡುತ್ತಿದ್ದಳು. "ಚಿವುಟ್ದ್ಯಾ?" ಎಂದು ಕೇಳಿದಳು.

ಮೈಸೂರಿಗೆ ಹೋದದ್ದು ಮಾದೇಶನ ಜೀಪಿನಲ್ಲೇ. ಬೇರೆ ಗಾಡಿಗೆ ಕಾಯಲು ಯಾರಿಗೂ ಧೈರ್ಯ ಇರಲಿಲ್ಲ. ಅವನು ಹುಬ್ಬಿಗೆ ಟವಲು ಬಿಗಿದುಕೊಂಡು ಒಂದು ಕಣ್ಣಲ್ಲಿ ಓಡಿಸಿದ. ಪಕ್ಕದಲ್ಲಿ ಮೋಹನ್, ಬೆನ್ನು ಒರಗಿಸಲಾಗದೆ ನೆಟ್ಟಗೆ ಕೂತಿದ್ದ. ಹಿಂದೆ ಅವಳು ಬೋರಲು ಮಲಗಿದ್ದಳು, ತಲೆ ನನ್ನ ತೊಡೆಯ ಮೇಲೆ. ಹಳ್ಳ ಬಂದಾಗಲೆಲ್ಲ ಮಾದೇಶ "ಹಳ್ಳ ಕನಕ್ಕ" ಎಂದು ಮೊದಲೇ ಹೇಳುತ್ತಿದ್ದ.

ಡಾಕ್ಟರು ಮಾಲಿನಿ ಎಂಬ ಹೆಂಗಸು, ನಲವತ್ತರ ಪ್ರಾಯ. ತೊಡೆಯ ಮೇಲೆ ಹಿಮ್ಮಡಿಯ ಗುರುತು ಕಂಡು, "ಇದನ್ನು ತುಳಿದವರು ಯಾರು?" ಎಂದರು. ವಾಣಿಶ್ರೀ ಹೇಳಿದಳು, "ನಮ್ಮೋರೇ ಮೇಡಂ. ಪ್ರೀತಿಗೆ."

ಸ್ಕ್ಯಾನ್ ಆದ ಮೇಲೆ ಡಾಕ್ಟರು ನನ್ನನ್ನೇ ಕೂರಿಸಿಕೊಂಡು ಹೇಳಿದರು. ತೊಡೆಯ ಹಿಂದಿನ ಸ್ನಾಯುಗಳು ಮೂರು. ಮೂರೂ ಮೇಲ್ತುದಿಯಲ್ಲಿ ಕುಂಡಿಯ ಮೂಳೆಗೆ ಅಂಟಿಕೊಂಡಿರುತ್ತವೆ. ಇವಳದು ಮೂರೂ ಮೂಳೆಯಿಂದ ಕಿತ್ತುಬಂದು ಏಳು ಸೆಂಟಿಮೀಟರು ಕೆಳಗೆ ಜಾರಿವೆ. ಒದೆಯಿಂದ ರಕ್ತ ಇನ್ನಷ್ಟು ತುಂಬಿ, ಪಕ್ಕದಲ್ಲಿ ಹೋಗುವ ದೊಡ್ಡ ನರವನ್ನು ಒತ್ತುತ್ತಿದೆ, ಅದಕ್ಕೇ ಬೆರಳು ಮರಗಟ್ಟಿದೆ. ಆಪರೇಷನ್ ಈ ವಾರವೇ ಆಗಬೇಕು. ವಾರಗಳು ಕಳೆದರೆ ಸ್ನಾಯು ಮುದುಡಿ, ಅಲ್ಲಲ್ಲೇ ಅಂಟಿ, ಮೇಲೆ ತರುವುದು ಕಷ್ಟ. "ಕಾಲು ಉಳಿಯುತ್ತದೆ ಅಮ್ಮ. ಆದರೆ ಮಗ್ಗ ತುಳಿಯುತ್ತಾಳಾ ಅಂತ ನಾನು ಈಗಲೇ ಹೇಳಲಾರೆ."

ಶುಕ್ರವಾರ ಬೆಳಿಗ್ಗೆ ತಳ್ಳುಗಾಡಿಯ ಮೇಲೆ ಮಲಗಿಸಿ ಕರೆದೊಯ್ದರು. ಬಾಗಿಲ ತನಕ ಹಿಡಿದು ನಡೆದೆ. ಬಾಗಿಲಲ್ಲಿ ತಡೆಯಲಾಗಲಿಲ್ಲ. "ನನ್ನ ಒದ್ದುಬುಡು ಕಣಮ್ಮಿ" ಎಂದೆ.

ಅವಳು ನಗಲಿಲ್ಲ. "ಒದೀತೀನಿ. ಈ ಎಡಗಾಲಲ್ಲೇ, ಮೊದ್ಲು ನಿಂಗೇ. ಅಲ್ಲೀಗಂಟ ಸಾಯ್ಬ್ಯಾಡ."

ಎರಡೂವರೆ ಗಂಟೆ ಹಿಡಿಯಿತು. ಮೂಳೆಗೆ ಸಣ್ಣ ಮೊಳೆಗಳನ್ನು ಕೂರಿಸಿ, ಅವುಗಳ ದಾರದಿಂದ ಸ್ನಾಯುಗಳನ್ನು ಮೇಲೆಳೆದು ಬಿಗಿದು ಹೊಲಿದರಂತೆ. ಹೊರಗೆ ಬಂದಾಗ ಮೊಣಕಾಲನ್ನು ಮಡಿಸಿ ಪಟ್ಟಿ ಕಟ್ಟಿದ್ದರು. "ನೀಡಿಸಬೇಕಲ್ಲವಾ ಮೇಡಂ?" ಎಂದೆ. "ನೀಡಿದರೆ ಹೊಲಿಗೆ ಎಳೆಯುತ್ತದೆ. ಸಡಿಲ ಬಿಟ್ಟರೆ ಕೂಡಿಕೊಳ್ಳುತ್ತದೆ" ಎಂದರು.

ನಾನು ಗೋಡೆಗೆ ಒರಗಿ ಕೂತೆ. ಹಾಸಿನ ಎಳೆ ಕಿತ್ತರೆ ನಾವು ಮೊದಲು ಮಾಡುವುದು ಏನು? ಹಾಸನ್ನು ಸಡಿಲ ಬಿಡುತ್ತೇವೆ. ಬಿಗಿ ಇದ್ದಾಗ ಗಂಟು ಹಾಕಲು ಹೋದರೆ ಪಕ್ಕದ ನಾಲ್ಕು ಎಳೆ ಕೀಳುತ್ತವೆ. ಐವತ್ತು ವರ್ಷ ನನ್ನ ಕೈ ಅದನ್ನು ಮಾಡಿದೆ. ಆ ಮಂಗಳವಾರ ಮೋಹನನಿಗೆ ಎಳೆಯಲು ಹೇಳಿದಾಗ ಅದೇ ಕೈಯಲ್ಲಿ ನಾನು ಅವಳ ಭುಜ ಹಿಡಿದಿದ್ದೆ.

ಆರು ವಾರ ಊರುಗೋಲು. ಎಡ ಕುಂಡಿಯ ಮೇಲೆ ಕೂರುವಂತಿಲ್ಲ. ಅವಳು ನಿಂತು ಉಂಡಳು, ಬೋರಲು ಮಲಗಿ ಬೈದಳು. ಸಿಕ್ಕಿದ್ದನ್ನೆಲ್ಲ ಎಸೆದಳು. ಎರಡು ಲೋಟ, ಒಂದು ರೇಡಿಯೋ, ನನ್ನ ಕನ್ನಡಕ. ಮೂರನೆಯ ವಾರ ಪಲ್ಯದ ತಟ್ಟೆ ಮೋಹನನ ಎದೆಗೆ ಬಡಿಯಿತು. ಅವನ ಕೈ ಮೇಲೆದ್ದಿತು. ಇದೇ ನಾನು ಹೇಳಿದ ಆ ಒಂದು ಸಲ. ಅವಳು ಊರುಗೋಲು ಬೀಸಿ ಅವನ ಮೊಣಕಾಲಿಗೆ ಕೊಟ್ಟಳು. ಅವನು ಎತ್ತಿದ ಕೈಯನ್ನು ತಿರುಗಿಸಿ ಗೋಡೆಗೆ ಗುದ್ದಿದ. ಗೆಣ್ಣು ಎರಡು ಒಡೆದವು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಬಿಕ್ಕಿ ಬಿಕ್ಕಿ ಅತ್ತರು. ನಾನು ಇಬ್ಬರಿಗೂ ಐಸು ತಂದೆ. ಆಗ ನಮ್ಮ ಮನೆಯಲ್ಲಿ ಐಸಿಗೆ ಕೊರತೆ ಇರಲಿಲ್ಲ.

ಆಮೇಲೆ ವ್ಯಾಯಾಮ ಶುರುವಾಯಿತು. ಬೋರಲು ಮಲಗಿ ಹಿಮ್ಮಡಿಯನ್ನು ಕುಂಡಿಯ ಕಡೆಗೆ ಎತ್ತುವುದು. ಹೇಳಿಕೊಟ್ಟಷ್ಟೇ, ಹೇಳಿಕೊಟ್ಟ ವಾರದಲ್ಲೇ. ಮೊದಲ ದಿನ ನೆಲದಿಂದ ನಾಲ್ಕು ಬೆರಳು ಎದ್ದಿತು. ಅವಳು ಬೆವರಿ ಕಿರುಚಿ ನೆಲಕ್ಕೆ ಹಣೆ ಜಜ್ಜಿಕೊಂಡಳು. ನಾನು ಪಕ್ಕದಲ್ಲಿ ಹೊಕ್ಕು ಹಾಯಿಸುವ ಲಾಳಿಯನ್ನು ನೆಟ್ಟಗೆ ನಿಲ್ಲಿಸಿ ಅಳೆದೆ. ಮೂರನೆಯ ತಿಂಗಳಿಗೆ ಹಿಮ್ಮಡಿ ಲಾಳಿಯ ಎತ್ತರಕ್ಕೆ ಬಂತು. ಕಾಲ್ಬೆರಳುಗಳ ಅರಿವು ಒಂದೊಂದಾಗಿ ಮರಳಿತು, ಕೊನೆಗೆ ಕಿರುಬೆರಳು. ಅದನ್ನು ನಾನು ದಿನಾ ಚಿವುಟುತ್ತಿದ್ದೆ. ಒಂದು ದಿನ, "ಥೂ, ಉಗುರು ತಗೀ" ಎಂದಳು.

ಆರನೆಯ ತಿಂಗಳಲ್ಲಿ ಕೆಂಪನಂಜಪ್ಪ ಸೊಂಟ ಹಿಡಿದುಕೊಂಡು ಬಂದು, ಹಳೆಯ ರೂಢಿಯಂತೆ ಜಗಲಿಯ ಮೇಲೆ ಬೋರಲು ಬಿದ್ದ. ಈಗ ಅವನಿಗೆ ಎಂಬತ್ತರ ಹತ್ತಿರ.

"ಏಳಿ ಮಾವ. ಒಂಬತ್ತ್ ತಿಂಗ್ಳು ಆಗೋಗಂಟ ಒದೆ ರಜ ಅಂದವ್ರೆ ಡಾಕ್ಟ್ರು" ಎಂದಳು ವಾಣಿಶ್ರೀ.

"ಬಲಗಾಲಲ್ಲಾರ ಒದಿಯವ್ವ."

"ಅದ್ರಲ್ಲಿ ಒದ್ರೆ ಹಲ್ಲೋಯ್ತದ. ಮಾಂಬಳ್ಳೀಲಿ ಕೇಳಿ ನೋಡಿ."

ಅವನು ಬೇಗನೆ ಎದ್ದು ಕೂತ. "ಸರೋಯ್ತು ಬುಡು" ಎಂದ, ಸೊಂಟ ಮುಟ್ಟಿ ನೋಡಿಕೊಳ್ಳುತ್ತ.

ಏಳನೆಯ ತಿಂಗಳಲ್ಲಿ ದಿಂಬಿನ ಮೇಲೆ ಕೂತು ಮಗ್ಗಕ್ಕೆ ಕಾಲು ಇಳಿಸಿದಳು. ಮೊದಲ ದಿನ ಕಾಲು ಗಂಟೆ ಕೂತಳು. ನೇಯ್ದದ್ದು ಎರಡು ಬೆರಳಗಲ, ಹೊಕ್ಕು ಸಡಿಲ, ಬಟ್ಟೆ ಜಾಳು. ಅದನ್ನು ಕತ್ತರಿಸಿ ಒಲೆಗೆ ಹಾಕಿದಳು. ಎಂಟನೆಯ ತಿಂಗಳ ಬಟ್ಟೆಯನ್ನು ಬೆರಳಲ್ಲಿ ಸವರಿದೆ. ಒತ್ತು ಬಂದಿತ್ತು, ಪೂರ್ತಿ ಅಲ್ಲ.

ಒಂಬತ್ತು ತಿಂಗಳಿಗೆ ಮೈಸೂರಿಗೆ ಕರೆದೊಯ್ದದ್ದು ಮಾದೇಶ. ಹುಬ್ಬಿನ ಮೇಲೆ ಕಲೆ ಉಳಿದಿದೆ, ಬೋಟಿನಲ್ಲಿ ಈಗ ಹಗ್ಗ ಹಿಡಿದವರು ಕೈ ಎತ್ತುವ ತನಕ ಉಸಿರೂ ಬಿಡುವುದಿಲ್ಲವಂತೆ. ಡಾಕ್ಟರು ಮಾಲಿನಿ ಎರಡೂ ಕಾಲಿನ ಬಲ ಅಳೆದರು. ಎಡಗಾಲು ಬಲಗಾಲಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ. "ಸಾಕು. ಇಡೀ ದಿನ ಮಗ್ಗ ತುಳಿ. ಇನ್ನು ಏನು ಬೇಕಾದರೂ ಮಾಡು" ಎಂದರು. ವಾಣಿಶ್ರೀ, "ಏನ್ ಬೇಕಾದ್ರೂನಾ ಮೇಡಂ?" ಎಂದು ಎರಡು ಸಲ ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ.

ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಚಾಪೆ ಹಾಸಿ, ರೇಷ್ಮೆ ನೂಲು ಸುತ್ತಿದ ಕದಿರುಗಳನ್ನು ಬಾಗಿ ಬಾಗಿ ಬುಟ್ಟಿಗೆ ಆಯುತ್ತಿದ್ದೆ. ಹಿಂದೆ ಹೆಜ್ಜೆ ಕೇಳಿಸಿತು. ಒಂದು ಹೆಜ್ಜೆ ತೂಕ, ಒಂದು ಹೆಜ್ಜೆ ಒಂಚೂರು ಹಗುರ. ನಾನು ತಿರುಗಲಿಲ್ಲ.

ಒದೆ ಸರಿಯಾಗಿ ಕುಂಡಿಯ ಮಧ್ಯಕ್ಕೆ ಬಿತ್ತು. ಬುಟ್ಟಿಯ ಮೇಲೆ ಮುಗ್ಗರಿಸಿ ಬೋರಲು ಬಿದ್ದೆ. ಅಂಗೈ ತರಚಿತು, ತುಟಿ ಒಡೆಯಿತು, ಕದಿರುಗಳು ಬೀದಿಯ ತನಕ ಉರುಳಿದವು. ಎದುರು ಮನೆಯಿಂದ ಕೆಂಪನಂಜಪ್ಪ, "ಅಯ್ಯಯ್ಯೋ, ಮುದ್ಕೀನ ಕೊಂದ್ಲು!" ಎಂದು ಕೂಗಿದ. ಮೋಹನ್ ಒಳಗಿನಿಂದ ಓಡಿ ಬಂದ.

"ಯಾವ ಕಾಲು?" ಎಂದು ನೆಲದ ಮೇಲಿಂದಲೇ ಕೇಳಿದೆ.

"ಎಡ್ಗಾಲೇ ಕಣ್ ದೊಡ್ಡವ್ವ."

"ನೋಯ್ತಾ ನಿಂಗೆ?"

"ಇಲ್ಲ." ಅವಳಿಗೆ ಉಸಿರು ಮೇಲೆ ಬಂದಿತ್ತು. "ನಿಂಗೆ?"

ನನಗೆ ನೋಯುತ್ತಿತ್ತು, ಚೆನ್ನಾಗಿಯೇ ನೋಯುತ್ತಿತ್ತು. ಮೋಹನ್ ಎತ್ತಲು ಕೈ ಚಾಚಿದ. ಬೇಡವೆಂದು ಅವನ ಕೈ ತಳ್ಳಿದೆ. ಲೆಕ್ಕಕ್ಕೆ ಇನ್ನೂ ಎರಡು ಬಾಕಿ ಇದ್ದವು. ನಾನು ಏಳದೆ ಹಾಗೇ ಬೋರಲು ಮಲಗಿದೆ.